ಬೆಳಗಿನ ಐದರ ಫೋನು

ನನ್ನಿಂದ ಹತ್ತನೇ ತರಗತಿ ದಾಟಲಾಗದು ಎಂದು ಮೊಟ್ಟಮೊದಲು ಹೇಳಿದವಳು ನನ್ನ ಅಜ್ಜಿ ಮುನಿಯಮ್ಮ. ಶಾಪ ಹಾಕುವಂತೆ ಹೇಳಿದ್ದಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಕೂತು ಹಾಲಿನ ಕ್ಯಾನನ್ನು ಉಜ್ಜುತ್ತ, ನಾಳೆ ಸೋಮವಾರ ಎನ್ನುವಷ್ಟು ಸಲೀಸಾಗಿ ಹೇಳಿದ್ದು. “ಓದೋ ಮನೆಯೋರಲ್ಲ ಕಣೇ ನಾವು. ಒಂಬತ್ತೋ ಹತ್ತೋ, ಅಲ್ಲಿಗೆ ನಿಂತೋಗ್ತದೆ.” ಇಂದು ಆ ಮನೆಯ ಮೊದಲ ಪದವೀಧರೆ ನಾನು. ಹೇಳಿಕೊಳ್ಳಲು ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಆದರೂ ಅಜ್ಜಿಯ ಮಾತಿಗೆ ಆಧಾರವಿರಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ.

ನಮ್ಮ ಮನೆಯ ಬೆಳಗನ್ನು ನೋಡಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ. ಟೊಮೆಟೊ ಮಂಡಿಯಲ್ಲಿ ಬಾಕ್ಸು ಲೋಡು ಮಾಡುವ ಅಪ್ಪ ನಾಲ್ಕಕ್ಕೇ ಹೊರಡುತ್ತಿದ್ದ. ಮೊದಲ ಶಿಫ್ಟಿನ ಅಮ್ಮನನ್ನು ಐದಕ್ಕೆ ಮೊದಲೇ ವೇಮಗಲ್‌ನ ಫ್ಯಾಕ್ಟರಿ ವ್ಯಾನು ಹತ್ತಿಸಿಕೊಂಡು ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಎರಡು ಸೀಮೆಹಸು, ಕೀಲುನೋವಿಗೆ ಬೆರಳು ಸರಿಯಾಗಿ ಮಡಿಸಲಾಗದ ಅಜ್ಜಿ ಮತ್ತು ನಾನು. ಬೀದಿಯ ಕೊನೆಯ ಡೈರಿ ಏಳೂಕಾಲಿಗೆ ಬಾಗಿಲು ಹಾಕುತ್ತಿದ್ದುದರಿಂದ, ಏಳನೇ ಕ್ಲಾಸಿನಿಂದಲೇ ಹಾಲು ಕರೆಯುವುದು ನನ್ನ ಕೆಲಸವಾಗಿತ್ತು. ಹಸುವಿನಷ್ಟು ಕಟ್ಟುನಿಟ್ಟಿನ ಯಜಮಾನಿ ಇನ್ನೊಬ್ಬಳಿಲ್ಲ; ಕೈ ಬದಲಾದರೆ ಅದು ಹಾಲು ಇಳಿಸುವುದಿಲ್ಲ.

ನಮ್ಮ ಸರ್ಕಾರಿ ಪ್ರೌಢಶಾಲೆ ಇದ್ದದ್ದು ಕೋಲಾರ ಪಟ್ಟಣ ಮುಗಿಯುತ್ತದೋ ಇಲ್ಲವೋ ಎಂದು ಅನುಮಾನಿಸುವ ಜಾಗದಲ್ಲಿ. ಕಾಂಪೌಂಡಿನ ಒಂದು ಬದಿ ಕಡ್ಡಿ ನೆಟ್ಟ ಟೊಮೆಟೊ ಹೊಲ, ಇನ್ನೊಂದು ಬದಿ ನಂಬರು ಬರೆದ ಕಲ್ಲು ನೆಟ್ಟ ಹೊಸ ಲೇಔಟು. ಮೈದಾನದಲ್ಲಿ ತೆಲುಗು, ನಲ್ಲಿಯ ಹತ್ತಿರ ನನ್ನ ಬೆಂಚಿನ ಶಬೀನಾ ಮತ್ತವಳ ಗೆಳತಿಯರ ಉರ್ದು, ಮೇಷ್ಟ್ರು ಬಂದೊಡನೆ ಎಲ್ಲರ ಬಾಯಲ್ಲೂ ಕನ್ನಡ. ಬೆಳಿಗ್ಗೆ ಡೈರಿಗೆ ನೊರೆಹಾಲು ಸುರಿದು ಬಂದ ನಾನು ಪ್ರಾರ್ಥನೆ ಮುಗಿದ ಮೇಲೆ ಸಾಲಿನಲ್ಲಿ ನಿಂತು ಪುಡಿಹಾಲು ಕುಡಿಯುತ್ತಿದ್ದೆ. ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಸಕ್ಕರೆ ಜಾಸ್ತಿ ಬಿದ್ದ ದಿನ ಇನ್ನೊಂದು ಲೋಟಕ್ಕೆ ಜಗಳವೂ ಆಡುತ್ತಿದ್ದೆ.

ಹತ್ತನೇ ತರಗತಿಗೆ ನಮ್ಮ ಶಾಲೆಯಲ್ಲೊಂದು ಪದ್ಧತಿಯಿತ್ತು. ಪರೀಕ್ಷೆಗೆ ಮೂರು ತಿಂಗಳಿದೆ ಎನ್ನುವಾಗ ಶಿಕ್ಷಕರು ಮಕ್ಕಳನ್ನು ಹಂಚಿಕೊಂಡು, ದಿನಾ ಬೆಳಗಿನ ಐದಕ್ಕೆ ಅವರವರ ಮನೆಗೆ ಫೋನು ಮಾಡಿ ಎಬ್ಬಿಸುತ್ತಿದ್ದರು. ಯಾವ ಪಾಠ ಓದುತ್ತಿದ್ದೀ ಎಂದು ಕೇಳಿ ತಮ್ಮ ದಿನಚರಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಗಣಿತದ ಮೇಡಂ ಪಾಲಿಗೆ ಬಂದೆ. ಬೆಳಗಿನ ಹೊತ್ತು ಮನೆಯಲ್ಲಿ ಉಳಿಯುತ್ತಿದ್ದದ್ದು ಅಜ್ಜಿಯ ಸಣ್ಣ ಫೋನು ಒಂದೇ. ಅದು ಎಲೆಅಡಿಕೆ ಚೀಲದೊಳಗೆ ಅವಳ ಸೊಂಟದಲ್ಲಿರುತ್ತಿತ್ತು. ಅದು ಹೊಡೆದುಕೊಳ್ಳುವಾಗ ನಾನು ಹಸುವಿನ ಕೆಳಗಿರುತ್ತಿದ್ದೆ.

ಎದ್ದಳಾ ಎಂದು ಮೇಡಂ ಕೇಳಿದರೆ, ಎದ್ದು ಓದ್ತಾವ್ಳೆ ಎಂದು ಅಜ್ಜಿಯ ಉತ್ತರ. ಯಾವ ವಿಷಯ ಎಂದರೆ, ಅವಳಿಗೆ ಗೊತ್ತಿದ್ದ ಒಂದೇ ವಿಷಯ: ಲೆಕ್ಕ. ಇದು ಅವಳ ಮಟ್ಟಿಗೆ ಸುಳ್ಳೇ ಅಲ್ಲ. ನೆಂಟರು ಊಟವಾಯಿತೇ ಎಂದಾಗ ಆಯಿತು ಎನ್ನುವುದಿಲ್ಲವೇ, ಹಾಗೊಂದು ಮರ್ಯಾದೆ. ಫೋನಿಟ್ಟ ಮೇಲೆ ಕೊಟ್ಟಿಗೆಗೆ ಬಗ್ಗಿ, ನಿಮ್ಮ ಮೇಡಮ್ಮು ಖುಷಿಯಾದರು ಎಂದು ನನಗೂ ತಿಳಿಸುತ್ತಿದ್ದಳು. ನಾನೂ ನಕ್ಕು ಕರೆಯುವುದನ್ನು ಮುಂದುವರಿಸುತ್ತಿದ್ದೆ. ಮೇಡಂ ತರಗತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇವಳನ್ನು ನೋಡಿ ಕಲಿಯಿರಿ, ದಿನಾ ಐದಕ್ಕೇ ಗಣಿತ ಎಂದಾಗ ಮಾತ್ರ ಪಕ್ಕದಲ್ಲಿದ್ದ ಶಬೀನಾ ನನ್ನ ವೇಲು ಜಗ್ಗಿ ಪಿಸುಗುಟ್ಟಿದಳು: “ಹಸೂಗೆ ಎಲ್ಲೀವರೆಗೆ ಮಗ್ಗಿ ಬರ್ತದೆ?”

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ನನಗೆ ಹನ್ನೊಂದು ಅಂಕ ಬಂತು.

ಮೇಡಂ ಬೈದಿದ್ದರೆ ಚೆನ್ನಾಗಿತ್ತು. ಅವರು ಸ್ಟಾಫ್‌ರೂಮಿಗೆ ಕರೆದು ಮೆತ್ತಗೆ ಮಾತಾಡಿದರು. “ದಿನಾ ಐದಕ್ಕೆದ್ದು ಮಾಡಿಯೂ ಹನ್ನೊಂದು ಅಂದ್ರೆ ನಿನ್ನ ತಪ್ಪಲ್ಲ ಬಿಡಮ್ಮ, ಕೆಲವರಿಗೆ ತಲೆಗೆ ಹತ್ತಲ್ಲ. ಬೇರೆ ವಿಷಯ ಗಟ್ಟಿ ಮಾಡ್ಕೋ. ಗಣಿತ ಆಮೇಲೆ ಕಟ್ಟಿದ್ರಾಯ್ತು.” ಪಾಸಾಗುವವರು ಎಂದು ಬರೆದಿಟ್ಟುಕೊಂಡಿದ್ದ ಪಟ್ಟಿಯಿಂದ ನನ್ನ ಹೆಸರನ್ನು ಅವರು ತೆಗೆದದ್ದು ಕರುಣೆಯಿಂದಲೇ. ಆದರೆ ನಮ್ಮಂಥ ಮನೆಗಳಲ್ಲಿ ‘ಆಮೇಲೆ’ ಎಂಬ ಕಾಲ ಬರುವುದೇ ಇಲ್ಲ. ನಮ್ಮತ್ತೆ ಆಮೇಲೆ ಬರೆಯುತ್ತೇನೆಂದು ಬಿಟ್ಟ ಇಂಗ್ಲಿಷು ಅವಳ ಮಗಳ ಮದುವೆಯಾದರೂ ಹಾಗೇ ಬಾಕಿಯಿತ್ತು. ನಿಜ ಹೇಳಿದರೆ ಅಜ್ಜಿ ಸುಳ್ಳಿಯಾಗುತ್ತಾಳೆ, ಹೇಳದಿದ್ದರೆ ನಾನು ದಡ್ಡಿಯಾಗುತ್ತೇನೆ. ದಡ್ಡಿಯಾಗಿಯೇ ಮನೆಗೆ ಬಂದೆ.

ಪಟ್ಟಿಯ ಸಂಗತಿ ಕೇಳಿ ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

“ದಡ್ಡಿ ಅಂದ್ರಾ?”

“ಹಂಗಂದಿಲ್ಲ.”

“ಹಂಗೇ ಅಂದಂಗೆ.”

ಮರುದಿನ ಡೈರಿಗೆ ಹಾಲು ಹಾಕಿದ ಅಜ್ಜಿ ಖಾಲಿ ಕ್ಯಾನು ಹಿಡಿದೇ ನನ್ನ ಜೊತೆ ಶಾಲೆಗೆ ಬಂದಳು. ಸ್ಟಾಫ್‌ರೂಮಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕೂರಿ ಎಂದರೂ ಕೂರಲಿಲ್ಲ. “ತಪ್ಪು ನಂದು ಮೇಡಮ್ಮು. ಅಷ್ಟೊತ್ನಾಗೆ ಇವ್ಳು ಹಾಲು ಕರೀತಿದ್ಳು. ಓದ್ತಾವ್ಳೆ ಅಂತ ನಾನೇ ಹೇಳ್ತಿದ್ದೆ. ಸುಳ್ಳು ನಂದು, ಹನ್ನೊಂದೂ ನಂದೇ. ಮಗೂದಲ್ಲ.”

ಮೇಡಂ ತಮ್ಮ ದಿನಚರಿಯ ಪುಟ ತಿರುವಿದರು. ಅವಳ ಕೈಗೆ ಫೋನು ಕೊಡಿ ಎಂದು ತಾನೂ ಒಂದು ದಿನ ಹೇಳಲಿಲ್ಲವಲ್ಲ ಎಂದರು. ಆಮೇಲೆ ಕೇಳಿದರು, ನಾಳೆಯಿಂದ ಹಸುವಿನ ಕೆಳಗೆ ಯಾರು ಕೂರುತ್ತಾರೆ ಎಂದು. ಅಜ್ಜಿ ತನ್ನ ಬೆರಳು ನೋಡಿಕೊಂಡು, ನಾನೇ ಎಂದಳು.

ಹೇಳಿದಷ್ಟು ಸುಲಭವಿರಲಿಲ್ಲ. ಮೊದಲ ದಿನ ಹಸು ಒದ್ದು ಚೊಂಬು ಉರುಳಿಸಿತು. ಎರಡನೆಯ ದಿನ ಅಜ್ಜಿ ನನ್ನ ಶಾಲೆಯ ಸ್ವೆಟರು ತೊಟ್ಟು, ನನ್ನ ವೇಲನ್ನೇ ತಲೆಗೆ ಸುತ್ತಿ, ನನ್ನ ವಾಸನೆಯಲ್ಲಿ ಅದನ್ನು ನಂಬಿಸಲು ಕೂತಳು. ನಾಲ್ಕನೆಯ ದಿನ ಅದು ಸೋತು ಹಾಲು ಇಳಿಸಿತು. ಹಾಲು ಯಾಕೆ ಕಮ್ಮಿ ಎಂದು ಡೈರಿಯವನು ಕೇಳಿದ್ದಕ್ಕೆ, ಹಸು ಎಸ್ಸೆಸ್ಸೆಲ್ಸಿ ಓದ್ತಾ ಐತೆ ಎಂದಳಂತೆ. ಸಂಜೆ ಬಿಸಿನೀರಿನಲ್ಲಿ ಎರಡೂ ಕೈ ಅದ್ದಿ ಕೂರುತ್ತಿದ್ದಳು, ನೋವಿನ ಮಾತು ಎತ್ತುತ್ತಿರಲಿಲ್ಲ.

ಮೇಡಂ ಈಗ ವಿಷಯ ಕೇಳುತ್ತಿರಲಿಲ್ಲ; ನನ್ನ ಕೈಗೆ ಬಂದ ಫೋನಿನ ಸ್ಪೀಕರಿನಲ್ಲೇ ಒಂದೊಂದು ಲೆಕ್ಕ ಬರೆಸಿ, ನಾನು ಬಿಡಿಸುವವರೆಗೆ ಕಾಯುತ್ತಿದ್ದರು. ನಾನು ಜೋರಾಗಿ ಉತ್ತರ ಹೇಳುವಾಗ ಗೋಡೆಯಾಚೆ ಹಾಲು ಕರೆಯುವ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು. ಸರಿಯಾ ತಪ್ಪಾ ಎಂದು ಅಜ್ಜಿಗೆ ತಿಳಿಯುತ್ತಿರಲಿಲ್ಲ. ಮೇಡಂ ಮುಂದಿನದನ್ನು ಬರೆಸಿದರೆ ಸರಿ ಎಂದು ಅಂದಾಜು ಮಾಡಿಕೊಂಡಿದ್ದಳು.

ಓದಲು ಹೊತ್ತು ಬೇಕು ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಆ ಹೊತ್ತು ಗೋಡೆಯ ಗಡಿಯಾರದಲ್ಲೇ ಸಿಗುತ್ತದೆ. ನಮ್ಮಲ್ಲಿ ಅದನ್ನು ಇನ್ನೊಬ್ಬರ ಮೈಯಿಂದ ತೆಗೆಯಬೇಕಾಗುತ್ತದೆ. ಪದವಿಯ ತನಕ ನನಗೆ ಪಾಠ ಹೇಳಿದವರು ಅನೇಕರು, ಆದರೆ ಹೊತ್ತು ಕೊಟ್ಟವರು ಯಾರೆಂದು ಕೇಳಿದರೆ ನನ್ನ ಬಳಿ ಇರುವುದು ಒಂದೇ ಹೆಸರು.

ಗಣಿತದಲ್ಲಿ ಐವತ್ತಾರು ಬಂದು ನಾನು ಪಾಸಾದೆ. ಮುಂದೇನು ಎಂದು ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹತ್ತು ಮುಗಿದಿತ್ತು, ಅಜ್ಜಿಯ ಬೆರಳು ಮೊದಲಿಗಿಂತ ಬಿಗಿದಿತ್ತು, ಹಸುಗಳಿಗೆ ಮತ್ತೆ ನನ್ನ ಕೈ ಸಿಕ್ಕಿತ್ತು. ಕಾಲೇಜು ಎಂಬ ಮಾತನ್ನು ನಾನಾಗಿ ಎತ್ತುವ ಧೈರ್ಯ ನನಗಿರಲಿಲ್ಲ. ಅಪ್ಪ ಅಮ್ಮ ರಜೆ ಹಾಕುವಂತಿರಲಿಲ್ಲವಾದ್ದರಿಂದ ವರ್ಗಾವಣೆ ಪತ್ರಕ್ಕೆ ಅಜ್ಜಿಯೇ ನನ್ನ ಜೊತೆ ಬಂದಳು. ಕಚೇರಿಯ ಗುಮಾಸ್ತರು ಹೆಸರು, ಜನ್ಮದಿನ ಎಲ್ಲ ತುಂಬಿ, ಸೀಲು ಒತ್ತಿ, ಪತ್ರವನ್ನು ಅವಳತ್ತ ಚಾಚುತ್ತ ಎಲ್ಲರಿಗೂ ಕೇಳುವಂತೆಯೇ ಕೇಳಿದರು: “ಇಲ್ಲಿಗೆ ಬಿಡಿಸ್ತಿದ್ದೀರಾ ಅಜ್ಜಿ?”

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಪತ್ರವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. “ಬಿಡಿಸ್ತಿಲ್ಲ ಸಾರ್. ನಿಮ್ಮ ಸ್ಕೂಲ್ನಾಗೆ ಇರೋದು ಇಷ್ಟೇ ಕ್ಲಾಸು ಅಂತಲ್ವಾ, ಅದಕ್ಕೇ ಮುಂದಕ್ಕೆ ಕರ್ಕೊಂಡೋಗ್ತಿದ್ದೀನಿ.”