ಗೋದಾವರಿ ತಿಕ್ಕದ ಧೂಪದಾನಿ

ಸದಾಶಿವಗಡದ ಹಲೀಮಾಬಿಯವರ ಹಿತ್ತಲಿನಲ್ಲಿ ಇನ್ನೂ ನಸುಕು. ಕೊಡ, ಹಂಡೆ, ತಟ್ಟೆಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತ ಗೋದಾವರಿ, ನೆನೆಸಿದ ಹುಳಿ ಮುರುಗಲ ಸಿಪ್ಪೆಯಿಂದ ಹಿತ್ತಾಳೆ ತಿಕ್ಕುತ್ತಿದ್ದಾರೆ. ನಾಡಿದ್ದಿಗೆ ಹಲೀಮಾಬಿ ತೀರಿಕೊಂಡು ನಲವತ್ತು ದಿನ. ಪ್ರಾರ್ಥನೆಗೆ ಮನೆ ತುಂಬ ಜನ ಬರುವವರಿದ್ದಾರೆ.

ಕೋಡಿಬಾಗದ ಗೋದಾವರಿಗೆ ಐವತ್ತೆಂಟು. ದೋಣಿಯ ಹಗ್ಗಕ್ಕೆ ಸಿಕ್ಕಿ ಗಂಡ ಮಾಬ್ಲೇಶ್ವರರ ಕೈ ಹೋದ ಮೇಲೆ, ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ವಾರಕ್ಕೆ ಹದಿನಾರು ಮನೆ, ದಿನಕ್ಕೆ ಮೂವತ್ತು ನಲವತ್ತು ಪಾತ್ರೆ. ಬೆರಳ ಗೆರೆಗಳು ಸವೆದು ಪಡಿತರ ಅಂಗಡಿಯ ಯಂತ್ರ ಅವರನ್ನು ಗುರುತಿಸುವುದಿಲ್ಲ. ದುಡಿದವರ ಬೆರಳನ್ನೇ ನಂಬದ ಯಂತ್ರ ನಮ್ಮದು.

ಹಲೀಮಾಬಿಯ ಸೊಸೆ ಶಾಹಿನ್ ಆ ರಾಶಿಯಲ್ಲೊಂದು ಧೂಪದಾನಿಯನ್ನೂ ಇಟ್ಟಿದ್ದಾರೆ. ಮೂರು ಕಾಲು, ಡೊಳ್ಳು ಹೊಟ್ಟೆ. ತಳದಲ್ಲಿ ಚೀನಿ ಮುದ್ರೆ, ಹೊಟ್ಟೆಯ ಮೇಲೆ ಅರಬ್ಬಿ ಅಕ್ಷರ. ಚೀನಾದ ಕುಶಲಕರ್ಮಿಗಳು ಮುಸ್ಲಿಂ ಗಿರಾಕಿಗಳಿಗೆಂದೇ ಇಂಥವನ್ನು ಎರಕ ಹೊಯ್ಯುತ್ತಿದ್ದರು. ಹಡಗಿನ ಕೆಲಸದಲ್ಲಿದ್ದ ಹಲೀಮಾಬಿಯ ಮಾವ ಇದನ್ನು ತಂದರಂತೆ. ಉಬ್ಬಿದ ಅಕ್ಷರ ಹೊಳೆಯುತ್ತಿತ್ತು, ಸುತ್ತಲಿನ ತಗ್ಗು ಕಪ್ಪಗಿತ್ತು. ಕಣ್ಣು ಮಂಜಾದ ಹಲೀಮಾಬಿ ಆ ಕಪ್ಪಿನ ಆಸರೆಯಿಂದಲೇ ಪ್ರತಿ ಗುರುವಾರ ಲೋಬಾನದ ಧೂಪ ಹಾಕಿ, ಅಕ್ಷರ ಓದುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ, ಈ ಮನೆಗೆ ಬಂದ ಮೊದಲ ದಿನವೇ ಗೋದಾವರಿ ಅದನ್ನು ಫಳಫಳ ಬೆಳಗಿಟ್ಟರು. ನಮ್ಮ ಕಡೆ ಹಿತ್ತಾಳೆ ಕಪ್ಪಿಟ್ಟರೆ ಮನೆಯಾಕೆಯ ಮಾನ ಹೋದಂತೆ.

"ಕೊಳೆ ಅಂತೇಳಿ ತಿಳ್ಕಂಡೆ. ಕಡ್ಡಿ ಹಾಕಿ ಸಂದಿ ಸಂದಿ ಕೆರ್ದು ತೆಗ್ದೆ" ಎನ್ನುತ್ತಾರೆ. "ಅಮ್ಮ ಸುಮಾರು ಹೊತ್ತು ತಿರುಗ್ಸಿ ತಿರುಗ್ಸಿ ನೋಡ್ದ್ರು. 'ಚಂದ ಆಗ್ಯದೆ ಗೋದಾ' ಅಂದ್ರು. ಮುಂದಿನ ಗುರುವಾರ ನೋಡ್ತೆ, ಅಕ್ಷರ ಕಾಣದೆ ಬೆರಳಲ್ಲಿ ಸವರಿ ಸವರಿ ಹುಡುಕ್ತಾ ಇದ್ರು. ಬೈದಿದ್ರೆ ನಂಗೆ ಇಷ್ಟು ಸಂಕಟ ಇರ್ತಿರ್ಲಿಲ್ಲ."

ಅಂದಿನಿಂದ ಅದಕ್ಕೆ ಹುಳಿ ಮುಟ್ಟಿಸಿಲ್ಲ. ಅಕ್ಷರಗಳ ಮೇಲಷ್ಟೇ ಒಣ ಬಟ್ಟೆ ಆಡಿಸಿ, ತಗ್ಗಿನಲ್ಲಿ ಲೋಬಾನದ ಹೊಗೆ ಕೂರಲೆಂದು ಬಿಟ್ಟರು. ವಾರ ವಾರವೂ ಬಂದು ನೋಡುವುದು, ಇಟ್ಟು ಹೋಗುವುದು. ಕಳೆದ ಮಳೆಗಾಲಕ್ಕೆ ಕಪ್ಪು ಚೆನ್ನಾಗಿ ಹಿಡಿಯಿತು. ಅಷ್ಟರಲ್ಲಿ ಹಲೀಮಾಬಿಯ ಕಣ್ಣು ಪೂರ್ತಿ ಹೋಗಿತ್ತು. ಇದನ್ನು ಹೇಳುತ್ತಲೇ ಗೋದಾವರಿ ಮುಂದಿನ ಕೊಡಕ್ಕೆ ಕೈ ಹಾಕುತ್ತಾರೆ.

ಶಾಹಿನ್ ಬಾಗಿಲಿಗೆ ಬರುತ್ತಾರೆ. "ಗೋದಕ್ಕ, ಆ ಧೂಪದಾನಿ ಚಲೋ ಮಾಡಿ ತಿಕ್ಕಿಡಿ. ಜನ ಬರ್ತಾರೆ."

ಗೋದಾವರಿ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ರಾಶಿಯಿಂದ ಎತ್ತಿ ಬೇರೆ ಇಡುತ್ತಾರೆ.

"ಇದೊಂದು ಬೇಡ ಬಾಯೋರೆ, ಕಪ್ಪೇ ಇರ್ಲಿ. ಅಮ್ಮಂಗೆ ಓದೂಕಾಗ್ಲಿಲ್ಲ. ಬಂದವ್ರಾದ್ರೂ ಓದ್ಲಿ."