ವಿನಾಕಾರಣ ಹೊಡೆದೆನಂತೆ

ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಹೆಣ್ಣು ಹುಟ್ಟಿರಲಿಲ್ಲ. ಸೊಸೆ ಹೆತ್ತದ್ದು ಹೆಣ್ಣುಮಗು ಎಂದು ಮಗ ಅಥಣಿಯ ಆಸ್ಪತ್ರೆಯಿಂದ ಫೋನ್ ಮಾಡಿದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಮ್ಮ ಕಡೆ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುತ್ತಾರೆ. ಯಾರು ಮಾಡಿದ ಕಟ್ಟಳೆಯೋ ಏನೋ, ನಾನು ಪೇಢೆಯನ್ನೇ ತರಿಸಿದೆ. ಸ್ಟೀಲ್ ಡಬ್ಬಿ ತುಂಬಿಕೊಂಡು ಊರೆಲ್ಲ ಹಂಚುತ್ತ ನಡೆದೆ. ಮೊಣಕಾಲು ನೋವು ಅಂದು ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ.

ಆ ಸಂತೋಷದಲ್ಲೇ ನಾನು ಎಡವಿದೆ. ನಮ್ಮ ಓಣಿ ದಾಟಿದ ಮೇಲೆ ನಮ್ಮವರು ಯಾರ ಕೈಗೂ ಏನನ್ನೂ ಕೊಡುವುದಿಲ್ಲ. ಕಟ್ಟೆಯ ಮೇಲಿಟ್ಟು ಸರಿಯುತ್ತೇವೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಈಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೈಗೇ ಗೊತ್ತಿರುತ್ತದೆ. ಅಂದು ಕೈ ಮರೆಯಿತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ದ್ರಾಕ್ಷಿ ತೋಟದ ಮಾಲೀಕ ಕುಳಿತಿದ್ದ. ಅವನ ಅಂಗೈಯಲ್ಲೇ ಪೇಢೆ ಇಟ್ಟು, "ಮೊಮ್ಮಗಳು ಹುಟ್ಯಾಳ್ರಿ ಧಣ್ಯಾರ, ಬಾಯಿ ಸಿಹಿ ಮಾಡ್ಕೋರಿ" ಎಂದೆ.

ಅವನು ಕೈ ಕೊಡವಿದ. ಪೇಢೆ ಗಟಾರಕ್ಕೆ ಬಿತ್ತು. ನಮ್ಮ ಜಾತಿಯ ಹೆಸರನ್ನು ಬೈಗುಳದಂತೆ ಎಳೆದು ಹೇಳಿ, "ಇನ್ನೊಂದು ಹುಟ್ಟೈತೇನು, ನಮ್ಮ ಕಸಾ ಹೊಡ್ಯಾಕ?" ಎಂದ. ಕಟ್ಟೆಯ ಮೇಲಿದ್ದವರು ನಕ್ಕರು.

ನನ್ನನ್ನು ಅಂದಿದ್ದರೆ ನುಂಗುತ್ತಿದ್ದೆನೇನೋ, ನುಂಗಿ ರೂಢಿಯಿದೆ. ಆದರೆ ಅದು ಹುಟ್ಟಿ ಐದು ತಾಸೂ ಆಗಿರದ ಕೂಸು, ನಾನಿನ್ನೂ ಅದರ ಮುಖ ಕಂಡಿರಲಿಲ್ಲ. ಡಬ್ಬಿ ಎತ್ತಿ ಅವನ ಹಣೆಗೆ ಬಾರಿಸಿದೆ. ಅವನು ನನ್ನ ಕೂದಲು ಹಿಡಿದು ಕೆಡವಿದ, ನಾನು ಅವನ ಅಂಗಿ ಬಿಡಲಿಲ್ಲ. ಜನ ಬಿಡಿಸುವ ಹೊತ್ತಿಗೆ ಅವನ ಹುಬ್ಬಿನ ಮೇಲೆ ಎರಡು ಹೊಲಿಗೆಯಷ್ಟು ಗಾಯವಾಗಿತ್ತು.

ಈ ಸಿಟ್ಟು ಅವತ್ತೊಂದು ದಿನದ್ದಲ್ಲ. ಹನ್ನೆರಡು ವರ್ಷ ಅವನ ತೋಟದಲ್ಲಿ ದುಡಿದಿದ್ದೇನೆ. ಶೆಡ್ಡಿನಲ್ಲಿ ಕುಳಿತು ಒಣದ್ರಾಕ್ಷಿಯ ಒಂದೊಂದನ್ನೂ ಇದೇ ಕೈಯಿಂದ ತೊಟ್ಟು ಮುರಿದು ಆರಿಸಿದ್ದೇನೆ. ಅದನ್ನು ದೇವರಿಗೆ ಇಡುತ್ತಾನೆ, ಬೀಗರಿಗೆ ಕಳಿಸುತ್ತಾನೆ, ತಾನೂ ತಿನ್ನುತ್ತಾನೆ. ಆಗ ಈ ಕೈಗೆ ಜಾತಿ ಇರುವುದಿಲ್ಲ.

ಪೊಲೀಸರು ಇಬ್ಬರ ದೂರನ್ನೂ ಬರೆದುಕೊಂಡರು. ನನ್ನ ದೂರಿಗೆ ಸಾಕ್ಷಿ ಸಿಗಲಿಲ್ಲ. ನಕ್ಕವರಿಗೆ ಅವನ ಮಾತು ಕೇಳಿಸಿಯೇ ಇರಲಿಲ್ಲವಂತೆ. ನಾನು ಹೊಡೆದದ್ದು ಮಾತ್ರ ಎಲ್ಲರಿಗೂ ಕಂಡಿತ್ತು. ಪೇಢೆಯ ಡಬ್ಬಿಗೆ ಚೀಟಿ ಅಂಟಿಸಿ ಆಯುಧವೆಂದು ಒಯ್ದರು. ನಾನು ಓದಿದ್ದು ಮೂರನೇ ಇಯತ್ತೆ, ಆರೋಪಪಟ್ಟಿಯನ್ನು ಮಗನೇ ಓದಿದ. ಸುಮ್ಮನೆ ಕುಳಿತಿದ್ದವನನ್ನು ನಾನು ವಿನಾಕಾರಣ ಹೊಡೆದೆನೆಂದು ಬರೆದಿತ್ತು. ಆ ಒಂದು ಮಾತನ್ನು ಮತ್ತೊಮ್ಮೆ ಓದಿಸಿದೆ.

ಊರ ಹಿರಿಯರು ರಾಜಿಗೆ ಬಂದರು. ಅವನ ಬಾಗಿಲಿಗೆ ಹೋಗಿ ತಪ್ಪಾಯಿತು ಎಂದರೆ ಅವನು ಕೇಸು ಬಿಡುತ್ತಾನಂತೆ.

"ಅಂದ್ಬಿಡಬೇ ಯವ್ವಾ," ಎಂದ ಮಗ. "ನಿನಗ ಜೇಲ್ ಆದ್ರ ಕೂಸಿನ್ನ ಯಾರ ನೋಡ್ತಾರ?"

"ನಾಳೆ ಅದಕ್ಕ ತಿಳುವಳಿಕಿ ಬಂದಮ್ಯಾಲ ಯಾರರ ಹೇಳ್ತಾರ, ನಿಮ್ಮ ಆಯಿ ಅವನ ಬಾಗಲಿಗೆ ಹೋಗಿ ನಿಂತಿದ್ಲು ಅಂತ. ಆಗ ಅದು ನನ್ನ ಮಾರಿ ಹೆಂಗ ನೋಡಬೇಕೋ?" ಎಂದೆ.

ಹೋದ ವಾರ ಅಥಣಿಯ ಕೋರ್ಟಿಗೆ ಹೋದೆವು. ಆರೋಪ ಓದಿದ ಮೇಲೆ ಇಲ್ಲ ಎಂದಷ್ಟೇ ಹೇಳಬೇಕೆಂದು ನಮ್ಮ ವಕೀಲರು ಹೊರಗೆ ಮೂರು ಸಲ ಹೇಳಿಕೊಟ್ಟಿದ್ದರು. ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಓದಿ ಮುಗಿಸಿ, ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು.

"ಹೊಡದದ್ದು ಖರೇನ್ರಿ. ವಿನಾಕಾರಣ ಅನ್ನೂದು ಸುಳ್ಳರಿ. ಅವ ಏನಂದಾನ, ಅದನ್ನೂ ಬರಕೋರ್ರಿ."

ವಕೀಲರು ಹಣೆ ಒತ್ತಿಕೊಂಡರು. ನ್ಯಾಯಾಧೀಶರು, ಹಾಗಾದರೆ ಆರೋಪ ಒಪ್ಪಿಲ್ಲವೆಂದೇ ಬರೆದುಕೊಳ್ಳುತ್ತೇನೆ, ವಿಚಾರಣೆ ನಡೆಯಲಿ ಎಂದರು.

ಶಿಕ್ಷೆ ಆಗಲೂಬಹುದು. ಆದರೆ ಅದಕ್ಕೂ ಮೊದಲು ಅವನು ಕಟಕಟೆಗೆ ಬರಬೇಕು. ನನ್ನ ಮೊಮ್ಮಗಳಿಗೆ ನೀನು ಏನೆಂದೆ ಎಂದು ವಕೀಲರು ಕೇಳಬೇಕು, ಅವನು ಎಲ್ಲರೆದುರು ಉತ್ತರ ಕೊಡಬೇಕು. ಕೂಸು ಈಗ ಗೋಡೆ ಹಿಡಿದು ನಿಲ್ಲುತ್ತದೆ, ನನ್ನನ್ನು ಕಂಡರೆ ಎರಡೂ ಕೈ ಚಾಚಿ ಕೇಕೆ ಹಾಕುತ್ತದೆ. ಮುಂದಿನ ತಾರೀಖಿಗೆ ಅದನ್ನು ಎತ್ತಿಕೊಂಡೇ ಹೋಗುತ್ತೇನೆ. ಆ ಮಾತು ಆಡಿಲ್ಲ ಎನ್ನುವುದಾದರೆ ಅವನು ಅದರ ಮುಖ ನೋಡಿಕೊಂಡು ಅನ್ನಲಿ.