ಕತ್ತರಿಸಿದ ಮೇಲೆ ಉಳಿದ ಹೆಸರು

ಕೊರೋನಾ ಗಲಾಟೆ ತಣ್ಣಗಾದ ಮರುವರ್ಷ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳಿಗೆ ನಾನೊಬ್ಬನೇ ಆಹಾರ ಸುರಕ್ಷತಾ ಅಧಿಕಾರಿ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಹೋಟೆಲು, ಬೇಕರಿ, ದಿನಸಿ ಅಂಗಡಿ ಸುತ್ತಿ ಸ್ಯಾಂಪಲ್ ತೆಗೆಯುವುದು, ಪ್ಯಾಕೆಟ್ಟಿನ ಲೇಬಲ್ ನಿಯಮದಂತಿದೆಯೇ ಎಂದು ನೋಡುವುದು ನನ್ನ ಕೆಲಸ. ಲೇಬಲ್ ವಿಷಯದಲ್ಲಿ ನನ್ನ ಕಣ್ಣು ತಪ್ಪಿಸುವುದು ಕಷ್ಟ ಎಂಬ ಜಂಬ ಬೇರೆ ಇತ್ತು.

ಅಜ್ಜಂಪುರದ ಲಕ್ಷ್ಮಕ್ಕ ಮನೆಯಲ್ಲೇ ಸೋಯಾ, ಹುರಿಗಡಲೆ, ಮಸಾಲೆ ಸೇರಿಸಿ ಒಂದು ಪುಡಿ ಮಾಡಿ ಮಾರಲು ಹೊರಟಿದ್ದರು. ನೀರಲ್ಲಿ ಕಲಸಿ ಉಂಡೆ ಕಟ್ಟಿ ಕುದಿಯುವ ಸಾರಿಗೆ ಬಿಟ್ಟರೆ, ಕೊಚ್ಚಿದ ಮಾಂಸದಿಂದ ಮಾಡುವ ಕೈಮ ಉಂಡೆಯ ಹಾಗೇ ಆಗುತ್ತಿತ್ತು. ನೋಂದಣಿಗೆ ಬಂದಾಗ ಅವರ ಲೇಬಲ್ಲಿನಲ್ಲಿ ‘ಸೋಯಾ ಉಂಡೆ ಪುಡಿ’ ಎಂದಷ್ಟೇ ಇತ್ತು. ಡಬ್ಬಿಯಲ್ಲಿ ತಂದಿದ್ದ ಸಾರು ಉಂಡು ನನ್ನ ನಾಲಿಗೆ ಕುಣಿಯಿತು.

“ಕೈಮ ಉಂಡೆ ಅಂತ್ಲೇ ದೊಡ್ಡದಾಗಿ ಹಾಕ್ಸಿ ಲಕ್ಷ್ಮಕ್ಕ, ಓಡುತ್ತೆ” ಎಂದುಬಿಟ್ಟೆ.

ಕಾನೂನಿನ ಅಡ್ಡಿ ನನಗೆ ಕಾಣಲಿಲ್ಲ. ಹಾಲಲ್ಲದ್ದನ್ನು ಹಾಲು ಎನ್ನಬಾರದು ಎಂಬ ನಿರ್ಬಂಧವಿತ್ತು. ಮಾಂಸದ ಹೆಸರಿಗೆ ಅಂಥದ್ದು ಇರಲಿಲ್ಲ. ಸಸ್ಯಾಹಾರವೆಂದು ತೋರಿಸುವ ಹಸಿರು ಚುಕ್ಕಿ ಇದ್ದರಾಯಿತು. ಹೊಸ ಲೇಬಲ್ ಬಂತು: ನಡುವೆ ದಪ್ಪಕ್ಷರದಲ್ಲಿ ‘ಕೈಮ ಉಂಡೆ’, ಮೇಲಂಚಿನಲ್ಲಿ ಸಣ್ಣಗೆ ‘ಸೋಯಾ’, ಅದರ ಪಕ್ಕದಲ್ಲಿ ಚುಕ್ಕಿ. ನೋಡಿ ತಲೆಯಾಡಿಸಿದೆ.

ಆರು ತಿಂಗಳ ಮೇಲೆ ಹಿರೇನಲ್ಲೂರಿನಿಂದ ಗಿರಿಜಾ ಎಂಬ ಹೆಣ್ಣುಮಗಳು ಕಡೂರಿನ ಕಚೇರಿಗೆ ಬಂದಳು. ಕೈಯಲ್ಲಿ ಅದೇ ಪ್ಯಾಕೆಟ್ಟಿನ ಖಾಲಿ ಕವರು. ಅವರದು ಲಿಂಗ ಕಟ್ಟುವ ಮನೆ. ಚುಕ್ಕಿ ನೋಡಿಯೇ ಅಂಗಡಿಯಲ್ಲಿ ಕೊಂಡು ಸಾರು ಮಾಡಿದ್ದಳು. ಮಾವ ಪರಮೇಶ್ವರಪ್ಪ ಎರಡನೇ ಸಲ ಹಾಕಿಸಿಕೊಂಡು ಉಂಡಿದ್ದರು. ಮರುದಿನ ಬೆಳಿಗ್ಗೆ ಈ ಕವರು ಅವರ ಕಣ್ಣಿಗೆ ಬಿತ್ತು.

“ನನ್ನ ಒಂದು ಮಾತೂ ಅನ್ಲಿಲ್ಲ ಸಾರ್. ಬೈದಿದ್ರೂ ಆಗ್ತಿತ್ತು. ಮೂರು ದಿನ ಆಯ್ತು, ನನ್ನ ಕೈಯಿಂದ ನೀರೂ ಇಸ್ಕೊಂಡಿಲ್ಲ. ಪೂಜೆಗೂ ಕೂತಿಲ್ಲ. ಬರೀ ಎಳನೀರು. ಶುಗರ್ ಇದೆ ಅವರಿಗೆ” ಎಂದು ಅತ್ತಳು.

ಕವರು ನೋಡಿದೆ. ಬಾಯಿ ಬಿಚ್ಚಲು ಮೇಲ್ಭಾಗ ಕತ್ತರಿಸಿದ್ದಳು, ಎಲ್ಲರೂ ಕತ್ತರಿಸುವ ಹಾಗೆ. ‘ಸೋಯಾ’ವೂ ಚುಕ್ಕಿಯೂ ಆ ಚೂರಿನ ಜೊತೆ ಕಸಕ್ಕೆ ಹೋಗಿದ್ದವು. ಉಳಿದದ್ದು ‘ಕೈಮ ಉಂಡೆ’ ಮಾತ್ರ.

ಬೇರೆ ಪ್ಯಾಕೆಟ್ ತಂದು ತೋರಿಸಲಿಲ್ಲವೇ ಎಂದರೆ, ತೋರಿಸಿದ್ದಳು. “ಚುಕ್ಕಿ ಯಾರು ಬೇಕಾದ್ರೂ ಇಡ್ತಾರೆ. ಕಾಳಿಂದೇ ಆಗಿದ್ರೆ ಮಾಂಸದ ಹೆಸರ್ಯಾಕೆ?” ಎಂದಿದ್ದರಂತೆ ಮಾವ. ಸ್ಯಾಂಪಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಬಹುದಿತ್ತು. ವರದಿಗೆ ಹದಿನಾಲ್ಕು ದಿನವಾದರೂ ಬೇಕು. ಸಕ್ಕರೆ ಕಾಯಿಲೆಯ ಮುದುಕರು ಅಷ್ಟು ದಿನ ಕಾಯುವ ಸ್ಥಿತಿಯಲ್ಲಿರಲಿಲ್ಲ. ಲಕ್ಷ್ಮಕ್ಕನಿಗೆ ಫೋನ್ ಮಾಡಿ, ಸಾಮಾನೆಲ್ಲ ಪುಡಿ ಮಾಡದೆ ಹಾಗೆಯೇ ತನ್ನಿ ಎಂದೆ.

ಮಧ್ಯಾಹ್ನ ಮೂವರೂ ಹಿರೇನಲ್ಲೂರಿನ ಆ ಮನೆಯಂಗಳದಲ್ಲಿದ್ದೆವು. ಪರಮೇಶ್ವರಪ್ಪ ಜಗಲಿಯ ಮೇಲೆ ಕೂತಿದ್ದರು. ಮುಖ ಬತ್ತಿತ್ತು, ಹಣೆಯಲ್ಲಿ ವಿಭೂತಿ ಇರಲಿಲ್ಲ. ಲಕ್ಷ್ಮಕ್ಕ ಸೆರಗು ಸಿಕ್ಕಿಸಿ, “ನಮ್ಮನೆ ಪಾತ್ರೆ ಬ್ಯಾಡ ಯಜಮಾನ್ರೇ, ನಿಮ್ಮ ಒರಳೇ ಕೊಡಿ” ಎಂದು ಅವರ ಕಣ್ಣೆದುರೇ ಸೋಯಾ ಕುಟ್ಟಿ, ಹುರಿಗಡಲೆ ಪುಡಿ ಮಾಡಿ, ಮಸಾಲೆ ಬೆರೆಸಿ ಉಂಡೆ ಕಟ್ಟಿದರು. ಮುದುಕರು ಒಂದನ್ನು ತೆಗೆದು ಮುರಿದು, ಮೂಸಿ ನೋಡಿದರು.

“ಸರಿ ಕಣವ್ವ. ಆ ಹೆಸರ್ಯಾಕೆ ಬೇಕಿತ್ತು?”

“ನಮ್ಮ ಜನ ಶ್ರಾವಣದಲ್ಲಿ ಬಾಡು ಬಿಡ್ತಾರೆ, ಸೋಮವಾರ ಶನಿವಾರ ಬಿಡ್ತಾರೆ. ಸೋಯಾ ಅಂದ್ರೆ ತಟ್ಟೆ ತಳ್ತಾರೆ, ಕೈಮ ಅಂದ್ರೆ ಉಣ್ತಾರೆ. ನಿಮ್ಮಂಥೋರ ಮನೆಗೂ ಹೋಗುತ್ತೆ ಅಂತ ಹೊಳೀಲಿಲ್ಲ ಕಣ್ರೀ.”

ಇನ್ನು ಸುಮ್ಮನಿದ್ದರೆ ಆ ಹೆಂಗಸಿನ ತಲೆಗೆ ನನ್ನ ತಪ್ಪು ಕಟ್ಟಿದಂತೆ.

“ಅವರು ಸೋಯಾ ಅಂತ್ಲೇ ಬರ್ಸಿದ್ರು ಯಜಮಾನ್ರೇ. ಆ ಹೆಸರು ಹಾಕ್ಸಿದ್ದು ನಾನು” ಎಂದೆ. ಗಿರಿಜಾ ಬೆರಗಾಗಿ ನನ್ನ ಕಡೆ ತಿರುಗಿದಳು. ಅಷ್ಟು ವರ್ಷದ ನೌಕರಿಯಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ.

ಪರಮೇಶ್ವರಪ್ಪ ಸೊಸೆಯನ್ನು ನೋಡಿದರು.

“ಗಿರಿಜಾ, ಸ್ನಾನಕ್ಕೆ ನೀರು ಕಾಯ್ಸು. ಪೂಜೆ ಮುಗಿಸ್ಕೊಂಡು ಬತ್ತೀನಿ. ಉಂಡೆ ಬ್ಯಾಡ, ಅನ್ನ ಮಜ್ಜಿಗೆ ಹಾಕು. ನೀನೇ ಬಡ್ಸು, ಮಗಳೇ.”

ಅವಳು ಒಳಗೆ ಓಡಿದಳು. ಒಲೆಯ ಮುಂದೆ ಕೂತು ಅಳುವುದು ಹೊರಗೆ ಕೇಳಿಸುತ್ತಿತ್ತು. ಲಕ್ಷ್ಮಕ್ಕನೂ ಕಣ್ಣೊರೆಸಿಕೊಂಡರು. ನಾನು ಅವರ ಊಟ ಮುಗಿಯುವವರೆಗೂ ಜಗಲಿ ಬಿಟ್ಟು ಏಳಲಿಲ್ಲ.

ಇಂಥದ್ದಕ್ಕೆ ಮಾಂಸದ ಹೆಸರು ಇರಬೇಕೇ ಬೇಡವೇ ಎಂದು ಈಗಲೂ ಕೇಳುವವರಿದ್ದಾರೆ. ಲಕ್ಷ್ಮಕ್ಕನ ಗಿರಾಕಿಗಳಿಗೆ ಅದು ಬೇಕಿತ್ತು, ಪರಮೇಶ್ವರಪ್ಪನವರಿಗೆ ಅದು ಮೂರು ದಿನದ ಉಪವಾಸವಾಯಿತು. ಇಬ್ಬರದೂ ಸುಳ್ಳಲ್ಲ. ನಾವು ಮಾಡಿದ್ದಿಷ್ಟು: ‘ಸೋಯಾ ಕೈಮ ಉಂಡೆ’ ಎಂದು ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ, ಚುಕ್ಕಿ ಸಮೇತ ಪ್ಯಾಕೆಟ್ಟಿನ ನಡುವಿಗೆ ಇಳಿಸಿದೆವು. ವ್ಯಾಪಾರ ಸ್ವಲ್ಪ ಇಳಿಯಿತು ಎಂದು ಲಕ್ಷ್ಮಕ್ಕ ಹೇಳಿದರು, ಆದರೆ ಹಳೆಯ ಲೇಬಲ್ ಮತ್ತೆ ಕೇಳಲಿಲ್ಲ.

ಅಲ್ಲಿಯವರೆಗೆ ನಾನು ನೋಡಿದ ಸಾವಿರಾರು ಲೇಬಲ್ಲುಗಳೂ ಬಾಯಿ ಬಿಚ್ಚದ ಪ್ಯಾಕೆಟ್ಟಿನವು. ನಿವೃತ್ತಿಯವರೆಗೂ ನನ್ನ ಬ್ಯಾಗಿನಲ್ಲಿ ಒಂದು ಕತ್ತರಿ ಇರುತ್ತಿತ್ತು. ಹೊಸ ಪ್ಯಾಕೆಟ್ ಬಂದರೆ ಮೊದಲು ಮೇಲ್ಭಾಗ ಕತ್ತರಿಸಿ ಎಸೆದು, ಆಮೇಲೆ ಉಳಿದದ್ದನ್ನು ಓದುತ್ತಿದ್ದೆ. ಮನೆಯವರ ಕೈಗೆ ಸಿಗುವುದು ಅಷ್ಟೇ.